ಸೊಪ್ಪಿನಲ್ಲಿ ಇಲ್ಲದ ರೇಷ್ಮೆ ಎಲ್ಲಿಂದ ಬಂತು?

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಮನೆಗಳ ಪಕ್ಕ ನಡೆದವರಿಗೆ ಆ ವಾಸನೆ ಗೊತ್ತು. ಬಿಸಿನೀರಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಊರಿನವರಿಗೆ ಅದರ ಗಮನವೇ ಇರುವುದಿಲ್ಲ. ಆ ನೀರಲ್ಲಿ ಬೇಯುತ್ತಿರುವುದು ಪ್ರೋಟೀನ್ ಅಂದರೆ ಎಷ್ಟು ಜನ ನಂಬುತ್ತಾರೋ! ನಮಗೆ ಪ್ರೋಟೀನ್ ಅಂದರೆ ಬೇಳೆ, ಮೊಟ್ಟೆ, ಈಚೆಗೆ ಜಿಮ್ ಹುಡುಗರ ಡಬ್ಬಿ.

ಹೀಗೆ ಬರೀ ತಿನ್ನುವ ವಸ್ತು ಅಂದುಕೊಳ್ಳುವುದು ಹೊಸದೇನಲ್ಲ. 1838ರಲ್ಲಿ ಡಚ್ ರಸಾಯನ ವಿಜ್ಞಾನಿ ಮುಲ್ಡರ್‌ಗೆ ಮೊಟ್ಟೆಯ ಬಿಳಿ, ರಕ್ತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸರಕು ಕಂಡಿತು. ಸ್ವೀಡನ್ನಿನ ಬರ್ಜೀಲಿಯಸ್ ಅದಕ್ಕೆ 'ಪ್ರೋಟೀನ್' ಎಂಬ ಹೆಸರು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಮೊದಲ ಸ್ಥಾನದ್ದು ಎಂದರ್ಥ. ಗಿಡ ಇದನ್ನು ತಯಾರಿಸುತ್ತದೆ, ಪ್ರಾಣಿ ತಿಂದು ಹಾಗೆಹಾಗೇ ಮೈಗೆ ಸೇರಿಸಿಕೊಳ್ಳುತ್ತದೆ ಅನ್ನುವುದು ಮುಲ್ಡರ್ ಲೆಕ್ಕ.

ಆ ಲೆಕ್ಕ ತಪ್ಪು. ನಮ್ಮ ಕಡೆ ಹುಳು ಸಾಕುವವರನ್ನೇ ನೋಡಿ. ಹುಳುವಿಗೆ ಹಾಕುವುದು ಬರೀ ಹಿಪ್ಪುನೇರಳೆ ಸೊಪ್ಪು. ಸೊಪ್ಪಲ್ಲಿ ರೇಷ್ಮೆ ಎಲ್ಲಿದೆ? ತಿಂದ ಪ್ರೋಟೀನನ್ನು ಹೊಟ್ಟೆ ಬಿಡಿ ಮಣಿಗಳಾಗಿ ಬಿಡಿಸುತ್ತದೆ, ಮೈ ಅವನ್ನು ತನಗೆ ಬೇಕಾದಂತೆ ಮತ್ತೆ ಪೋಣಿಸುತ್ತದೆ. ಈ ಮಣಿಗಳೇ ಅಮೈನೋ ಆಮ್ಲಗಳು, ಮುಖ್ಯವಾಗಿ 20 ಬಗೆ. ಅದರಲ್ಲೊಂದಾದ ಸೆರೀನ್ ಮೊದಲು ಸಿಕ್ಕಿದ್ದು 1865ರಲ್ಲಿ, ರೇಷ್ಮೆಯ ಅಂಟಿನಲ್ಲೇ. ಮಣಿಗಳು ಸರದಂತೆ ಜೋಡಿಸಿಕೊಂಡಿವೆ ಎಂದು 1902ರಲ್ಲಿ ವಿಜ್ಞಾನಿಗಳಾದ ಫಿಷರ್, ಹೋಫ್‌ಮೈಸ್ಟರ್ ಬೇರೆ ಬೇರೆಯಾಗಿ ಹೇಳಿದರು. ಒಂದೊಂದು ಸರಕ್ಕೂ ಗೊತ್ತಾದ ಕ್ರಮ ಇದೆ ಎಂದು ಇನ್ಸುಲಿನ್‌ನ 51 ಮಣಿಗಳನ್ನು ಓದಿ ಬ್ರಿಟನ್ನಿನ ಸ್ಯಾಂಗರ್ ತೋರಿಸಿದ್ದು 1955ರಲ್ಲಿ.

ಆ ಕ್ರಮದಲ್ಲೇ ಗುಟ್ಟು ಇರುವುದು. ರೇಷ್ಮೆ ಎಳೆಯ ಪ್ರೋಟೀನ್ ಆದ ಫೈಬ್ರೋಯಿನ್‌ನಲ್ಲಿ ಪುಟ್ಟ ಮಣಿಗಳಾದ ಗ್ಲೈಸಿನ್, ಅಲನಿನ್‌ಗಳೇ ಜಾಸ್ತಿ. ಅದಕ್ಕೇ ಸರಗಳು ಒತ್ತೊತ್ತಾಗಿ ಕೂರುತ್ತವೆ, ಎಳೆ ಗಟ್ಟಿಯಾಗುತ್ತದೆ. ಹುಳುವಿನ ರೇಷ್ಮೆ ಗ್ರಂಥಿಯಲ್ಲಿ ಇದು ಇನ್ನೂ ದ್ರವ. ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆ) ಬಿಟ್ಟಾಗ ಅದು ತಲೆ ಆಡಿಸುತ್ತಾ ಎಳೆಯುತ್ತದಲ್ಲ, ಆ ಎಳೆತಕ್ಕೇ ದ್ರವ ನೂಲಾಗುತ್ತದೆ. ಎಳೆಗಳನ್ನು ಹಿಡಿದಿಡುವ ಅಂಟು ಸೆರಿಸಿನ್, ಅದೂ ಪ್ರೋಟೀನೇ. ಬಿಸಿನೀರು ಅದನ್ನು ಸಡಿಲ ಮಾಡಿದರೆ ಮಾತ್ರ ನೂಲು ಬಿಚ್ಚುವ ರೀಲರ್ ಕೈಗೆ ಎಳೆಯ ತುದಿ ಸಿಗುತ್ತದೆ.

ಚರ್ಮ, ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್‌ನಲ್ಲಿ ಮೂರು ಸರ ಹೆಣೆದುಕೊಂಡಿವೆ. ಮದ್ರಾಸಿನಲ್ಲಿ 1954ರಲ್ಲಿ ಅದನ್ನು ಹೇಳಿದವರು ವಿಜ್ಞಾನಿ ಜಿ.ಎನ್. ರಾಮಚಂದ್ರನ್, ಆಮೇಲೆ ಬೆಂಗಳೂರಿಗೆ ಬಂದವರು.

ನೂಲು, ಚರ್ಮ ಸರಿ. ಆದರೆ ಮೈಯೊಳಗೆ ಕೆಲಸ ಮಾಡುವ ಕಿಣ್ವಗಳೂ (ಎನ್‌ಜೈಮ್) ಪ್ರೋಟೀನ್ ಅಂದಾಗ ದೊಡ್ಡ ವಿಜ್ಞಾನಿಗಳೇ ಒಪ್ಪಲಿಲ್ಲ. 1926ರಲ್ಲಿ ಅಮೆರಿಕದ ಸಮ್ನರ್ ಜ್ಯಾಕ್ ಬೀನ್ ಕಾಳಿನಿಂದ (ನಮ್ಮ ಅವರೆಯ ದೂರದ ನೆಂಟ) ಯೂರಿಯಾ ಒಡೆಯುವ ಯೂರಿಯೇಸ್ ಕಿಣ್ವವನ್ನು ಹರಳು ಮಾಡಿ, ಅದು ಪ್ರೋಟೀನೇ ಎಂದು ತೋರಿಸಿದರು. ನೊಬೆಲ್ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಗೂಡಿನೊಳಗೂ ಅಂಥದ್ದೊಂದು ಕಿಣ್ವ ಇದೆ, ಕೊಕೂನೇಸ್. ಚಿಟ್ಟೆ ಹೊರಬರುವಾಗ ಬಾಯಿಂದ ಅದನ್ನು ಬಿಟ್ಟು ಸೆರಿಸಿನ್ ಅಂಟನ್ನು ಕರಗಿಸುತ್ತದೆ, ಎಳೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಹಾಗೆ ತೂತಾದ ಗೂಡಲ್ಲಿ ಒಂದೇ ಎಳೆ ಬಿಚ್ಚಲು ಆಗುವುದಿಲ್ಲ. ಹಾಗಾಗಿಯೇ ರೀಲರ್‌ಗಳಿಗೆ ಅಷ್ಟು ಅವಸರ. ಗೂಡು ತಂದ ಮೇಲೆ ಚಿಟ್ಟೆಗಿಂತ ಮೊದಲು ಒಲೆ ಹಚ್ಚಬೇಕು.