ಐದು ಮಾತ್ರೆಯ ಬೈಗುಳ

ಬೋಳಿಮಗ. ನಾಲ್ಕು ಅಕ್ಷರ, ಛಂದಸ್ಸಿನ ಲೆಕ್ಕದಲ್ಲಿ ಐದು ಮಾತ್ರೆ. ನಿಮಿಷಕ್ಕೆ 90 ಬೀಟಿನ ರ‍್ಯಾಪ್‌ನಲ್ಲಿ ಅಕ್ಷರಕ್ಕೆ ಕಾಲು ಬೀಟಿನಂತೆ ಉದುರಿಸಿದರೆ ಸರಿಯಾಗಿ ಒಂದು ಬೀಟು, ಅಂದರೆ 667 ಮಿಲಿಸೆಕೆಂಡು. ಹಾಡಿನ ‘ಕ್ಲೀನ್ ವರ್ಷನ್’, ಅಂದರೆ ಬೈಗುಳವಿಲ್ಲದ ಆವೃತ್ತಿ, ಮಾಡಿಕೊಡಿ ಎಂದು ಸ್ಟುಡಿಯೊಗೆ ಬಂದವರು ಕೇಳುವುದು ಈ ಮುಕ್ಕಾಲು ಸೆಕೆಂಡೂ ಇಲ್ಲದ ಜಾಗದ ದುರಸ್ತಿಯನ್ನು. ಪದವನ್ನು ಚುಕ್ಕಿ ಹಾಕಿ ಬರೆಯಬಹುದಿತ್ತು. ಆದರೆ ಚುಕ್ಕಿ ಹಾಕಿದರೂ ನೀವು ಓದಿಕೊಳ್ಳುವುದು ಅದನ್ನೇ. ಹಾಡಿನಲ್ಲೂ ತೊಂದರೆ ಇರುವುದು ಅಲ್ಲೇ.

ದಾವಣಗೆರೆಯಲ್ಲಿ ಈ ಕೆಲಸ ಮೂರು ಕಡೆಯಿಂದ ಬರುತ್ತದೆ. ಕಾಲೇಜು ಹಬ್ಬಕ್ಕೆ ಡ್ಯಾನ್ಸ್ ಟ್ರ್ಯಾಕ್ ಬೇಕಾದವರು, ಗಣಪತಿ ಮೆರವಣಿಗೆಗೆ ಹಾಡು ಜೋಡಿಸುವ ಡಿಜೆಗಳು, ತಾವೇ ಬರೆದು ಹಾಡಿ ಆ್ಯಪ್‌ಗಳಿಗೆ ಏರಿಸುವ ಹುಡುಗರು. ಮೂವರೂ ಹೇಳುವುದು ಒಂದೇ ಮಾತು: ‘ಅದೊಂದು ಪದ ಮ್ಯೂಟ್ ಮಾಡಿಬಿಡಿ ಸಾರ್.’ ಮೂವರಿಗೂ ಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ಮ್ಯೂಟ್ ಮಾಡುವವರು ಮೊದಲು ಎಡವುವುದು ಭಾಷೆಯ ವಿಷಯದಲ್ಲಿ. ಕನ್ನಡದ ಬೈಗುಳಗಳಲ್ಲಿ ಬಹಳಷ್ಟು ಸಮಾಸಗಳು. ಏನೋ ಒಂದರ ‘ಮಗ’. ಮೊದಲರ್ಧ ಕತ್ತರಿಸಿ ‘ಮಗ’ ಉಳಿಸಿದರೆ ಕೇಳುಗ ತನಗೆ ಗೊತ್ತಿರುವುದರಲ್ಲೇ ಅತಿ ಖಾರದ್ದನ್ನು ತುಂಬಿಕೊಳ್ಳುತ್ತಾನೆ. ಹಾಡಿನವ ಹೇಳಿದ್ದು ಮೆತ್ತಗಿನದಾಗಿದ್ದರೂ ಕೇಳಿಸುವುದು ಗಟ್ಟಿಯದೇ. ಮೊದಲಕ್ಷರ ಬಿಟ್ಟು ಉಳಿದದ್ದನ್ನು ತೆಗೆಯುವುದು ಇನ್ನೊಂದು ರೂಢಿ. ಇಂಗ್ಲಿಷ್ ಹಾಡುಗಳಿಂದ ಬಂದದ್ದು. ಅಲ್ಲಿ ಮೊದಲ ವ್ಯಂಜನದ ಉಸಿರಷ್ಟೇ ಉಳಿಯುತ್ತದೆ. ನಮ್ಮಲ್ಲಿ ‘ಬೋ’ ಎಂದು ದೀರ್ಘ ಸ್ವರವೂ ಉಳಿದರೆ ಮುಗಿಯಿತು, ಗುಟ್ಟು ಇರುವುದೇ ಆ ಸ್ವರದಲ್ಲಿ. ತಾಳ ಕೆಡದಿರಲಿ ಎಂದು ವ್ಯಂಜನದ ಹೊಡೆತ ಉಳಿಸಲೇಬೇಕಿದ್ದರೆ 30-40 ಮಿಲಿಸೆಕೆಂಡಿಗಿಂತ ಹೆಚ್ಚು ಬಿಡಬಾರದು.

ಎರಡನೆಯದು ಯಂತ್ರದ ಕಡೆಯ ತಪ್ಪು. ಮುಖ್ಯ ಗಾಯನದ ಟ್ರ್ಯಾಕ್ ಕತ್ತರಿಸಿ, ಅದೇ ಸಾಲನ್ನು ಮತ್ತೆ ಹಾಡಿಸಿ ಎಡಬಲಕ್ಕೆ ಹಂಚಿಟ್ಟ ಡಬಲ್ ಟ್ರ್ಯಾಕ್‌ಗಳನ್ನೂ ಹಿಂದಿನ ಕೂಗುಗಳನ್ನೂ ಮರೆಯುವುದು. ಹೆಡ್‌ಫೋನಿನಲ್ಲಿ ಗಮನಕ್ಕೆ ಬರದ ಪಿಸುಮಾತು, ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಓಡುವ ಡಿಜೆ ಬಾಕ್ಸಿನಲ್ಲಿ ಸ್ಪಷ್ಟವಾಗಿ ಮಾತಾಡಬಹುದು. ಆ ಬಾಕ್ಸಿನ ಹಿಂದೆ ಕಂಪ್ರೆಸರ್ ಬೇರೆ ಇರುತ್ತದೆ. ಸಣ್ಣ ದನಿಯನ್ನು ಎತ್ತಿ ತೋರಿಸುವುದು ಅದರ ಕಸುಬು. ದನಿಗೆ ಗುಂಗು ಸೇರಿಸುವ ರಿವರ್ಬ್, ದನಿಯನ್ನು ತಡವಾಗಿ ಮರುಕಳಿಸುವ ಡಿಲೇಗಳ ಕಥೆಯೂ ಇದೇ. ಅದೇ 90 ಬೀಟಿನ ಹಾಡಿನಲ್ಲಿ ಮುಕ್ಕಾಲು ಬೀಟಿನ ಡಿಲೇ ಹಾಕಿದ್ದರೆ, ಅಳಿಸಿದ್ದೇವೆಂದುಕೊಂಡ ಪದ 500 ಮಿಲಿಸೆಕೆಂಡು ಬಿಟ್ಟು ಪ್ರತಿಧ್ವನಿಯಾಗಿ ವಾಪಸ್ಸಾಗುತ್ತದೆ. ಕತ್ತರಿ ಬೀಳಬೇಕಾದದ್ದು ಮೂಲ ಧ್ವನಿಯ ಮೇಲೆ, ಅದು ಎಫೆಕ್ಟಿಗೆ ಹೋಗುವ ಮುನ್ನ. ತರಂಗ ಸೊನ್ನೆ ದಾಟುವ ಬಿಂದುವಿನಲ್ಲಿ ಕತ್ತರಿಸಿ, ಎರಡೂ ತುದಿಗೆ 3ರಿಂದ 5 ಮಿಲಿಸೆಕೆಂಡಿನ ಫೇಡ್ (ದನಿಯ ಮೆಲ್ಲನೆಯ ಏರಿಳಿತ) ಕೊಟ್ಟರೆ ‘ಟಿಕ್’ ಸದ್ದು ಬರುವುದಿಲ್ಲ. ಬೀಟಿನ ಟ್ರ್ಯಾಕನ್ನು ಮಾತ್ರ ಮುಟ್ಟಬಾರದು. ಇಡೀ ಹಾಡನ್ನೇ ಒಂದು ಬೀಟು ನಿಲ್ಲಿಸಿದರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಬಿಡಿ ಟ್ರ್ಯಾಕ್‌ಗಳು ಇಲ್ಲ, ಎಂಪಿ3 ಒಂದೇ ಇದೆ ಎಂದಾಗ ಎಐ ಸಾಫ್ಟ್‌ವೇರಿನಿಂದ ಗಾಯನ ಬೇರ್ಪಡಿಸುವುದು ಈಗಿನ ದಾರಿ. ಹಳೆಯ ದಾರಿಯಲ್ಲಿ ಒಂದು ಚಾನೆಲ್ಲಿನ ತರಂಗವನ್ನು ತಲೆಕೆಳಗು ಮಾಡಿ, ಎರಡರಲ್ಲೂ ಸಮನಾಗಿರುವ ನಡುವಿನ ಸದ್ದನ್ನು ಕಳೆಯುತ್ತಿದ್ದರು. ಆಗ ಗಾಯನದ ಜೊತೆ ಕಿಕ್ ಡ್ರಮ್ಮು, ಬೇಸೂ ಮಾಯ. ಎಐ ಅಷ್ಟು ಒರಟಲ್ಲ. ಆದರೂ ಸ, ಚ, ಟ ಮುಂತಾದ ಸದ್ದುಗಳ ಚೂರುಗಳು ಹೈ-ಹ್ಯಾಟ್ ತಾಳದ ಸದ್ದಿನ ಜೊತೆ ಅಂಟಿಕೊಂಡು ಉಳಿಯುತ್ತವೆ. ಆ ಒಂದು ಬೀಟಿನ ಸಂಗೀತವನ್ನು ಹಾಡಿನಲ್ಲಿ ಬೈಗುಳವಿಲ್ಲದ ಇನ್ನೊಂದು ಕಡೆಯಿಂದ ನಕಲು ಮಾಡಿ ತಂದು ಹಚ್ಚುವುದೇ ಮೇಲು.

ಇನ್ನು ‘ಬೀಪ್’. ಟಿವಿಯಿಂದ ಬಂದ ಅಭ್ಯಾಸ ಇದು, ಹಾಡಿಗೆ ಇದರಷ್ಟು ಹೊಂದದ ಮದ್ದು ಇನ್ನೊಂದಿಲ್ಲ. ಬೀಪ್ ಅಂದರೆ ಸಾಮಾನ್ಯವಾಗಿ 1000 ಹರ್ಟ್ಸ್‌ನ ಶುದ್ಧ ಸ್ವರ. ಸಂಗೀತದ ಲೆಕ್ಕದಲ್ಲಿ ಅದು ‘ಬಿ’ (988) ಮತ್ತು ‘ಸಿ’ (1046.5) ನಡುವೆ ಎಲ್ಲಿಯೂ ಸಲ್ಲದ ಜಾಗ, ಯಾವ ಶ್ರುತಿಗೂ ಕೂಡುವುದಿಲ್ಲ. ಹಾಸ್ಯಕ್ಕಾಗಿ ಬೀಪ್ ಬೇಕೇ ಬೇಕು ಅನ್ನುವವರು ಹಾಡಿನ ಷಡ್ಜಕ್ಕೆ ಅದನ್ನು ಹೊಂದಿಸಲಿ. ಶ್ರುತಿ ಸಿ ಶಾರ್ಪ್ ಆಗಿದ್ದರೆ 1109 ಹರ್ಟ್ಸ್.

ಶ್ರುತಿಗಿಂತ ದೊಡ್ಡ ತಕರಾರು ಕಿವಿಯದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರನ್ 1970ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ವಾಕ್ಯದಲ್ಲಿ ‘ಸ’ಕಾರದ ಸದ್ದನ್ನು ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಕೆಮ್ಮನ್ನು ಇಟ್ಟು 20 ಜನರಿಗೆ ಕೇಳಿಸಿದಾಗ, 19 ಜನ ಏನೂ ಬಿಟ್ಟುಹೋಗಿಲ್ಲ ಅಂದರು. ಕೆಮ್ಮಿನ ಬದಲು ಮೌನ ಇಟ್ಟರೆ ಖಾಲಿ ಜಾಗ ಎಲ್ಲಿದೆಯೆಂದು ಕೇಳುಗರಿಗೆ ತಿಳಿಯುತ್ತಿತ್ತು. ಅಂದರೆ ಸದ್ದಿನಿಂದ ಮುಚ್ಚಿದರೆ ಮಿದುಳು ತಾನೇ ಅಕ್ಷರ ಹುಟ್ಟಿಸಿಕೊಳ್ಳುತ್ತದೆ. ಮೌನದಿಂದ ಮುಚ್ಚಿದರೆ ಅಲ್ಲಿ ಏನೋ ಇತ್ತೆಂದು ಬೊಟ್ಟು ಮಾಡಿದಂತಾಗುತ್ತದೆ. ಪ್ರಾಸದ ಹಾಡಿನಲ್ಲಿ ಹಿಂದಿನ ಸಾಲೇ ಉತ್ತರ ಹೇಳಿಕೊಟ್ಟಿರುತ್ತದೆ, ಮಿದುಳಿಗೆ ಅಷ್ಟೂ ಕಷ್ಟವಿಲ್ಲ.

ಹಾಗಾಗಿ ಎಲ್ಲೆಡೆ ಕೆಲಸಕ್ಕೆ ಬರುವ ದಾರಿ ಒಂದೇ: ಹಾಡಿದವನನ್ನು ಮತ್ತೆ ಮೈಕಿನ ಮುಂದೆ ನಿಲ್ಲಿಸಿ, ಅದೇ ಅಳತೆಯ ಬೇರೆ ಪದ ಹೇಳಿಸುವುದು. ಇಲ್ಲಿ ನಮ್ಮ ಛಂದಸ್ಸು ಕೈಹಿಡಿಯುತ್ತದೆ. ಬೋಳಿಮಗ: ಗುರು, ಲಘು, ಲಘು, ಲಘು, ಐದು ಮಾತ್ರೆ. ‘ಕೇಳು ಮಗ’ ಕೂಡ ಹಾಗೆಯೇ. ಎರಡನೆಯ ಅಕ್ಷರದ ‘ಳ’ ಎರಡರಲ್ಲೂ ಇರುವುದರಿಂದ ಹಿಂದಿನ ಸಾಲಿನ ಪ್ರಾಸ ಕದಲುವುದಿಲ್ಲ. ಸೂಳೆಮಗ ಎಂದಿದ್ದರೆ ‘ತಾಳು ಮಗ’ ಕೂರುತ್ತದೆ. ಮುಂಡೆಮಗ ಎಂದಿದ್ದರೆ ‘ಳ’ ನಡೆಯುವುದಿಲ್ಲ, ಅಲ್ಲಿ ಅನುಸ್ವಾರದ ಮೇಲೆ ‘ಡ’ ಬರಬೇಕು. ‘ಕಂಡೆ ಮಗ’ ಸರಿ. ಬಾಯಿಯ ಆಕಾರ ವಿಡಿಯೊದಲ್ಲಿ ಕಾಣುವುದಾದರೆ ಒಂದು ಎಚ್ಚರ ಬೇಕು: ಬ, ಮ, ಪ ಹೇಳುವಾಗ ತುಟಿ ಮುಚ್ಚುತ್ತದೆ, ಕ, ತ ಹೇಳುವಾಗ ಮುಚ್ಚುವುದಿಲ್ಲ. ಕ್ಲೋಸಪ್ಪಿನಲ್ಲಿ ‘ಬೋಳಿ’ಗೆ ‘ಕೇಳು’ ಬದಲು ‘ಬಾಳು ಮಗ’ ಎಂದೇ ಹೇಳಿಸಬೇಕು. ಮರುಧ್ವನಿಗೆ ಅದೇ ಮೈಕು, ಅಷ್ಟೇ ದೂರ, ಸಾಧ್ಯವಾದರೆ ದಿನದ ಅದೇ ಹೊತ್ತು. ಪದವೊಂದನ್ನೇ ಹೇಳಿಸಿದರೆ ತೇಪೆ ಎದ್ದು ಕಾಣುತ್ತದೆ. ಇಡೀ ಸಾಲು ಹಾಡಿಸಿ, ಬೇಕಾದಷ್ಟನ್ನು ಎತ್ತಿಕೊಳ್ಳಬೇಕು.

ಈ ಬದಲಿಕೆಯಲ್ಲಿ ಇನ್ನೊಂದೂ ಆಗುತ್ತದೆ. ಬೋಳಿ ಅಂದರೆ ತಲೆ ಬೋಳಿಸಿದ ವಿಧವೆ, ಮುಂಡೆ ಅಂದರೂ ಅವಳೇ. ಬೈಸಿಕೊಳ್ಳುವವನು ಗಂಡಸು, ಏಟು ಬೀಳುವುದು ಅವನ ತಾಯಿಗೆ. ಮೊದಲರ್ಧ ಹೋಗಿ ಉಳಿಯುವ ‘ಮಗ’ ಈಗ ಗೆಳೆಯನನ್ನು ಕರೆಯುವ ಪದ. ಎರಡು ತಲೆಮಾರಿನ ಹಿಂದೆ ಸಮವಯಸ್ಕನನ್ನು ‘ಮಗಾ’ ಅಂದಿದ್ದರೆ ಜಗಳಕ್ಕೆ ಕಾಲು ಕೆದರಿದ ಹಾಗೆ.

ಯಾವ ಪದ ಕತ್ತರಿಸಬೇಕು ಎಂಬುದಕ್ಕೆ ಪಟ್ಟಿ ಕೇಳುವವರಿದ್ದಾರೆ. ಸೆನ್ಸಾರ್ ಮಂಡಳಿಯೇ 2015ರ ಫೆಬ್ರವರಿಯಲ್ಲಿ ಅಂಥದೊಂದು ಪಟ್ಟಿ ಹೊರಡಿಸಿ, ಒಳಗಿನವರಿಂದಲೇ ವಿರೋಧ ಬಂದು ಅದನ್ನು ತಡೆಹಿಡಿಯಿತು. ಪಟ್ಟಿ ಹಿಡಿದು ಹುಡುಕುವ ಸಾಫ್ಟ್‌ವೇರಿನ ಮುಂದೆ ವಚನ ಗಾಯನ ಇಡಿ: 12ನೇ ಶತಮಾನದ ಶರಣೆ ಸೂಳೆ ಸಂಕವ್ವೆಯ ಹೆಸರನ್ನೇ ಅದು ಅಳಿಸುತ್ತದೆ. ಸ್ವತಃ ‘ನಿರ್ಲಜ್ಜೇಶ್ವರ’ ಎಂದು ಅಂಕಿತ ಇಟ್ಟುಕೊಂಡವಳಿಗೆ ಚಿತ್ರದುರ್ಗದ ವೇದಿಕೆಯಲ್ಲಿ ಬೀಪ್ ಹೊಡೆದರೆ ನಗೆಪಾಟಲು. ಬೆಂಗಳೂರಿನಲ್ಲಿ ಕ್ಲೀನ್ ಆಗಿ ಬಂದ ಹಾಡಿನಲ್ಲಿ ‘ನಿಮ್ಮೌನ್’ ಹಾಗೇ ಉಳಿದಿರುವುದುಂಟು. ಅಲ್ಲಿನ ಎಡಿಟರ್‌ಗೆ ಅದು ಉದ್ಗಾರ, ನಮ್ಮ ಕಡೆಯ ಹಿರಿಯರಿಗೆ ಅವ್ವನನ್ನು ಎಳೆದು ತಂದ ಮಾತು. ‘ಮುಂಡೇದೇ’ ಇದರ ತಿರುವು: ಮೈಸೂರು ಸೀಮೆಯ ಅಜ್ಜಿಯ ಬಾಯಲ್ಲಿ ಮುದ್ದು, ಇಲ್ಲಿ ಕಹಿ. ದಖನಿ ಉರ್ದುವಿನ ಬೈಗುಳ ಕನ್ನಡದ ಕಿವಿಗೆ ಬರೀ ಲಯವಾಗಿ ಕೇಳಿ ದಾಟಿಹೋಗುತ್ತದೆ. ಇಂಗ್ಲಿಷಿನದಂತೂ ಮನೆಮಂದಿಯೆಲ್ಲ ಊಟಕ್ಕೆ ಕೂತಾಗಲೂ ಸಾಗುತ್ತದೆ, ಕನ್ನಡದ್ದು ಬಂದರೆ ತುತ್ತು ನಿಲ್ಲುತ್ತದೆ. ಆದ್ದರಿಂದ ಕೇಳಿ ನೋಡುವವರಲ್ಲಿ ದಖನಿ ಬಲ್ಲವರೊಬ್ಬರು, ಅರವತ್ತು ದಾಟಿದವರೊಬ್ಬರು ಇರಲೇಬೇಕು.

ಜನ ಸಡಿಲರಾದರು, ಈಗ ಏನೂ ಅನ್ನಿಸುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಬೀಗರ ಹಾಡಿನಲ್ಲಿ, ಕಾಮನ ಹಬ್ಬದ ಕೂಗಿನಲ್ಲಿ ಅಶ್ಲೀಲಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಜಾಗ ಇತ್ತು, ಅದಕ್ಕೊಂದು ದಿನವೂ ಗೊತ್ತಿತ್ತು. ಹಾಗಿದ್ದೂ ಜಾತಿಯ ಹೆಸರನ್ನೇ ಬೈಗುಳ ಮಾಡಿದ್ದು, ಕುಂಟ ಕುರುಡ ಎಂದು ಅಂಗವಿಕಲರನ್ನು ಆಡಿಕೊಂಡದ್ದು ಹಳೆಯ ಹಾಡು-ನಾಟಕಗಳಲ್ಲಿ ನಗೆಯಾಗಿ ದಾಟಿತ್ತು, ಇವತ್ತು ದಾಟುವುದಿಲ್ಲ. ಕತ್ತರಿ ಹಿಡಿದವರು ಮೊದಲು ನೋಡಬೇಕಾದದ್ದು ಇವನ್ನೇ. ಮೈಥುನದ ಬೈಗುಳ ತೆಗೆದು ಜಾತಿಯ ಬೈಗುಳ ಬಿಟ್ಟ ಫೈಲನ್ನು ‘ಕ್ಲೀನ್’ ಎಂದು ಕರೆಯುವುದು ಮೋಸ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಉಳಿದ ಕಾನೂನನ್ನು ಚಿಕ್ಕದಾಗಿ ಹೇಳುವುದಾದರೆ, ಸಾರ್ವಜನಿಕ ಜಾಗದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಹಾಡು ಹಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಇದೆ, ಹಳೆಯ ಐಪಿಸಿ 294. ಮೂರು ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೈಗುಳವೆಲ್ಲ ಅಶ್ಲೀಲವಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಒಂದು ವೆಬ್ ಸರಣಿಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಆ ಮಾತು ಮೊಬೈಲಿನಲ್ಲಿ ಆರಿಸಿಕೊಂಡು ನೋಡುವ ಸರಣಿಯ ಬಗ್ಗೆ. ಬೀದಿಯ ಬಾಕ್ಸಿನ ಮುಂದೆ ಆರಿಸಿಕೊಳ್ಳುವ ಅವಕಾಶ ಯಾರಿಗೂ ಇಲ್ಲ.

ಮೆರವಣಿಗೆಗೆ ಮ್ಯೂಟ್ ಆವೃತ್ತಿ ಬೇಡವೇ ಬೇಡ. ಇನ್ನೂರು ಹುಡುಗರು ಸಾಲು ಬಾಯಿಪಾಠ ಮಾಡಿಕೊಂಡಿರುವಾಗ ಒಂದು ಬೀಟು ಖಾಲಿ ಬಿಟ್ಟರೆ ಮೈಕನ್ನು ಅವರ ಕೈಗೆ ಕೊಟ್ಟಂತೆ. ಬಾಕ್ಸು ಹೇಳದ ಪದವನ್ನು ಇಡೀ ರಸ್ತೆ ಒಟ್ಟಿಗೆ ಕೂಗುತ್ತದೆ, ಮೂಲ ಹಾಡು ಹಾಕಿದ್ದರೂ ಅಷ್ಟು ಜೋರಾಗಿ ಕೇಳುತ್ತಿರಲಿಲ್ಲ. ಬದಲಿ ಪದ ಹಾಡಿಸಿದ ಆವೃತ್ತಿ ಸಿಕ್ಕರೆ ಹಾಕಿ, ಇಲ್ಲದಿದ್ದರೆ ಹಾಡನ್ನೇ ಬಿಡಿ. ಕಾಲೇಜು ವೇದಿಕೆಯಲ್ಲಿ ಎಲ್ಲರ ಗಮನ ಕುಣಿತದ ಮೇಲಿರುತ್ತದೆ, ಬೀಟು ಉಳಿಸಿ ಗಾಯನವಷ್ಟೇ ತೆಗೆದರೂ ನಡೆಯುತ್ತದೆ.

ಆ್ಯಪ್‌ಗಳಿಗೆ ಏರಿಸುವವರದು ಮತ್ತೊಂದು ಲೆಕ್ಕ. ಅಮೆರಿಕದಲ್ಲಿ ಹಾಡಿನ ಸಾಹಿತ್ಯದ ಬಗ್ಗೆ ನಡೆದ 1985ರ ಸೆನೆಟ್ ವಿಚಾರಣೆಯ ಬಳಿಕ ಕ್ಯಾಸೆಟ್ಟಿನ ಮೇಲೆ ಬಂದ ಎಚ್ಚರಿಕೆ ಚೀಟಿಯೇ ಇಂದು ಹಾಡಿನ ಹೆಸರಿನ ಪಕ್ಕ ‘ಇ’ (ಎಕ್ಸ್‌ಪ್ಲಿಸಿಟ್, ಬೈಗುಳವಿದೆ) ಗುರುತಾಗಿ ಕೂತಿದೆ. ಸಿನಿಮಾದೊಳಗಿನ ಹಾಡು ಸೆನ್ಸಾರ್ ದಾಟಿ ತೆರೆಗೆ ಬರುತ್ತದೆ. ಸ್ವತಂತ್ರ ಹಾಡಿಗೆ ಸೆನ್ಸಾರ್ ಅಂದರೆ ಅರ್ಜಿಯಲ್ಲಿ ನೀವೇ ಹಾಕುವ ಟಿಕ್. ‘ಎಕ್ಸ್‌ಪ್ಲಿಸಿಟ್’ ಎಂದು ಹಾಕಿದರೆ ಕೇಳುಗರು ಕಡಿಮೆಯಾಗುತ್ತಾರೆಂದು ಹೆದರಿ ಸುಳ್ಳು ಟಿಕ್ ಹಾಕುವವರಿದ್ದಾರೆ, ದೂರು ಬಂದಾಗ ಹಾಡೇ ಇಳಿಯಬಹುದು. ‘ಕ್ಲೀನ್’ ಅನ್ನುವುದು ಬೈಗುಳವಿದ್ದ ಹಾಡಿನ ತಿದ್ದಿದ ಆವೃತ್ತಿಗೆ ಮಾತ್ರ, ಮೊದಲಿನಿಂದಲೂ ಬೈಗುಳವಿಲ್ಲದ ಹಾಡಿಗಲ್ಲ. ತಿದ್ದಿದ ಆವೃತ್ತಿಗೆ, ಪ್ರತಿ ಧ್ವನಿಮುದ್ರಣದ ಗುರುತಾದ 12 ಅಕ್ಷರ-ಅಂಕಿಯ ಐಎಸ್‌ಆರ್‌ಸಿ ಸಂಖ್ಯೆಯೂ ಬೇರೆಯೇ ಬೇಕು. ಹಳೆಯದನ್ನೇ ಕೊಟ್ಟರೆ ಎರಡೂ ಒಂದರೊಳಗೊಂದು ಸೇರಿಕೊಂಡು, ಕ್ಲೀನ್ ಒತ್ತಿದವರಿಗೆ ಮೂಲವೇ ಕೇಳಿಸಬಹುದು.

ಕೊನೆಯ ಪರೀಕ್ಷೆ ಅಗ್ಗದ ಮೊಬೈಲಿನ ಸ್ಪೀಕರಿನಲ್ಲಿ, ಹಾಡು ಮೊದಲು ಕೇಳಿರದ ಮೂವರ ಮುಂದೆ. ‘ಬೈಗುಳ ಕೇಳಿಸಿತಾ?’ ಎಂದು ಕೇಳಬೇಡಿ, ಕೇಳಿದರೆ ಹುಡುಕುತ್ತಾರೆ. ‘ಈ ಸಾಲು ಬರೆದುಕೊಡಿ’ ಅನ್ನಿ. ಇಬ್ಬರು ಮೂಲ ಪದವನ್ನೇ ಬರೆದರೆ ಫೈಲ್ ವಾಪಸ್ ಮೇಜಿಗೆ. ಪಾಸಾದ ಮೇಲೆ ಮೆರವಣಿಗೆಯ ಡಿಜೆ ಗಾಡಿಗೆ ಹೋಗುವ ಪೆನ್‌ಡ್ರೈವ್ ಹೊಸದಾಗಿರಲಿ, ಅದರಲ್ಲಿ ಮೂಲ ಹಾಡು ಇರಲೇಬಾರದು. ಒಂದೇ ಹೆಸರಿನ ಕೊನೆಗೆ 1, 2 ಎಂದಷ್ಟೇ ಬರೆದ ಎರಡು ಫೈಲುಗಳಿದ್ದರೆ, ಜನರೇಟರಿನ ಹೊಗೆ, ಬಣ್ಣದ ಧೂಳಿನ ನಡುವೆ ರಾತ್ರಿ ಒಂಬತ್ತೂವರೆಗೆ ಆಪರೇಟರ್ ಒತ್ತುವುದು ಮೊದಲು ಕಂಡದ್ದನ್ನು.