ನಂದಿಬಟ್ಟಲು ಗಿಡದ ದಪ್ಪ ಹಸಿರು ಹುಳ ವಿಷಕಾರಿಯೇ?

ಪ್ರಶ್ನೆ: ನಮ್ಮ ನಂದಿಬಟ್ಟಲು ಗಿಡದಲ್ಲಿ ಬೆರಳು ದಪ್ಪದ ಹಸಿರು ಹುಳ ಬಂದಿದೆ. ಮುಂದೆ ಎರಡು ನೀಲಿ ಕಣ್ಣು, ಹಿಂದೆ ಕೊಂಬು. ಕಚ್ಚುತ್ತದೆಯೇ? ಔಷಧಿ ಹೊಡೆಯಬೇಕೇ?

ಉತ್ತರ: ಎರಡೂ ಇಲ್ಲ. ಇದು ಡ್ಯಾಫ್ನಿಸ್ ನೀರಿಯೈ ಎಂಬ ಪತಂಗದ ಮರಿಹುಳು. ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ ಇದರ ಇಷ್ಟದ ಮೇವು. ಕೊಂಬು ಚುಚ್ಚುವುದಿಲ್ಲ, ಮೈಮೇಲೆ ಕಂಬಳಿಹುಳುವಿನಂಥ ತುರಿಕೆಯ ರೋಮವೂ ಇಲ್ಲ. ನೀಲಿ ಕಣ್ಣು ಕಣ್ಣೇ ಅಲ್ಲ, ಬರೀ ಮಚ್ಚೆ. ಮುಟ್ಟಿದರೆ ಹುಳ ತಲೆಯನ್ನು ಒಳಗೆಳೆದು ಮುಂಭಾಗ ಉಬ್ಬಿಸುತ್ತದೆ. ಆಗ ಮಚ್ಚೆ ಅಗಲವಾಗಿ ಹಕ್ಕಿ ಹೆದರಬೇಕು, ಲೆಕ್ಕ ಅಷ್ಟೇ. ಎಚ್ಚರ ಬೇಕಾದದ್ದು ಕಣಗಿಲೆಯ ಬಗ್ಗೆ: ಆ ಗಿಡವೇ ವಿಷ, ಎಲೆ ಮುಟ್ಟಿದರೆ ಕೈ ತೊಳೆಯಿರಿ.

ತಾಯಿ ಪತಂಗ ಎಲೆಗಳ ಮೇಲೆ ತಿಳಿಹಸಿರು ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಹೊರಬರುವ ಮರಿಗೆ ಹಳದಿ ಬಣ್ಣ, ಉದ್ದನೆಯ ಕಪ್ಪು ಕೊಂಬು. ನಾಲ್ಕು ಸಲ ಪೊರೆ ಕಳಚುವಷ್ಟರಲ್ಲಿ ಮೈ ಹಸಿರಾಗಿ, ಕೊಂಬು ಗಿಡ್ಡವಾಗಿ, 7–8 ಸೆಂ.ಮೀ. ಬೆಳೆಯುತ್ತದೆ. ಮೇಯುವುದೆಲ್ಲ ಹೆಚ್ಚಾಗಿ ಈ ಕೊನೆಯ ಹಂತದಲ್ಲೇ. ಹುಳ ಎಲೆಯ ಮರೆಯಲ್ಲಿದ್ದರೂ ನೆಲದ ಮೇಲೆ ಬಿದ್ದ ಕಾಳಿನಂಥ ಹಿಕ್ಕೆ ಗುಟ್ಟು ರಟ್ಟು ಮಾಡುತ್ತದೆ. ದೊಡ್ಡ ಗಿಡ ಮತ್ತೆ ಚಿಗುರುತ್ತದೆ, ಚಿಂತೆಯಿಲ್ಲ. ಕುಂಡದ ಸಣ್ಣ ಗಿಡವಾದರೆ ಬೋಳಾದೀತು. ಹುಳ ಕೂತ ಟೊಂಗೆಯನ್ನೇ ಕತ್ತರಿಸಿ ದೊಡ್ಡ ನಂದಿಬಟ್ಟಲಿಗೆ ಸಿಕ್ಕಿಸಿ. ಎಳೆದು ಬಿಡಿಸಬೇಡಿ, ಕಾಲು ಕಿತ್ತುಬರುತ್ತದೆ.

ಒಂದು ದಿನ ಹುಳದ ಮೈ ಕಂದಾಗಿ ನೆಲಕ್ಕಿಳಿದು ಮಾಯವಾದರೆ, ಕೋಶವಾಗಲು ಹೋಗಿದೆ ಎಂದರ್ಥ. ತರಗೆಲೆಯ ನಡುವೆ ಸಡಿಲವಾಗಿ ನೂಲು ಹೆಣೆದು ಕಂದು ಕೋಶವಾಗುತ್ತದೆ. ಗಿಡದ ಬುಡ ಗುಡಿಸಿ ಕಸ ಸುಡುವ ಮನೆಗಳಲ್ಲಿ ಬಹುಪಾಲು ಸಾಯುವುದು ಇಲ್ಲೇ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರಕ್ಕೆ ಪತಂಗ ಹೊರಬರುತ್ತದೆ: ಪಾಚಿ ಹಸಿರಿನ ಮೇಲೆ ಬಿಳಿ, ಗುಲಾಬಿ ಪಟ್ಟೆ, ರೆಕ್ಕೆ ಬಿಚ್ಚಿದರೆ 9–13 ಸೆಂ.ಮೀ. ಮುಸ್ಸಂಜೆಯಲ್ಲಿ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ.

ಮಕ್ಕಳಿಗೆ ತೋರಿಸಲು ಡಬ್ಬಿಯಲ್ಲಿ ಸಾಕುವುದಾದರೆ ದಿನಾ ಹೊಸ ಎಲೆ ಹಾಕಿ, ಹಿಕ್ಕೆ ತೆಗೆಯಿರಿ. ತೇವ ನಿಂತರೆ ಬೂಷ್ಟು ಹಿಡಿದು ಹುಳ ಸಾಯುತ್ತದೆ. ಹುಳ ಯಾವ ಗಿಡದಲ್ಲಿ ಸಿಕ್ಕಿತೋ ಅದರ ಎಲೆಯನ್ನೇ ಕೊಡಿ, ನಡುವೆ ಮೇವು ಬದಲಿಸಿದರೆ ಎಷ್ಟೋ ಹುಳಗಳು ಮುಟ್ಟುವುದಿಲ್ಲ. ಕೊನೆಗೆ ತರಗೆಲೆ ಹರಡಿ, ಒಂದು ಒರಟು ಕಡ್ಡಿ ನಿಲ್ಲಿಸಿ. ಹೊರಬಂದ ಪತಂಗ ಹತ್ತಿ ಜೋತು ಬೀಳಲು ಜಾಗ ಸಿಗದಿದ್ದರೆ ರೆಕ್ಕೆ ಮುದುಡಿದಂತೆಯೇ ಒಣಗುತ್ತದೆ, ಆಮೇಲೆ ಹಾರಲಾಗದು.