ಮಲೆನಾಡಿನ ಅಂಗಳಕ್ಕೆ ಹೇಳಿ ಮಾಡಿಸಿದ ನಕ್ಷತ್ರಗುಚ್ಛ

ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಮನೆಗಳಿಗೆ ಆಕಾಶ ಸಿಗುವುದೇ ಅಂಗಳದಷ್ಟು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಅಡಿಕೆ ತೋಟ, ಮಿಕ್ಕ ಕಡೆ ಹಲಸು, ಮಾವು. ಅದಕ್ಕೇ ಆಕಾಶದಲ್ಲಿ ಏನು ನೋಡಲಿ ಅಂತ ಯಾರು ಕೇಳಿದರೂ ನಾನು ಮೊದಲು ಹೇಳುವುದು ಕರ್ಕಾಟಕ ರಾಶಿಯ ಎಂ44 ಅನ್ನುವ ನಕ್ಷತ್ರಗುಚ್ಛ ನೋಡಿ ಅಂತ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಈ ಗುಚ್ಛ ಖಗೋಳದ ಸಮಭಾಜಕಕ್ಕಿಂತ, ಅಂದರೆ ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆಗಿಂತ, ಸುಮಾರು 20 ಡಿಗ್ರಿ ಉತ್ತರಕ್ಕಿದೆ. ಲೆಕ್ಕ ಹಾಕಿ, ನೆತ್ತಿಯಿಂದ ಬರೀ 6 ಡಿಗ್ರಿ ಆಚೆ ಹಾದುಹೋಗುತ್ತದೆ, ಯಾವ ಮರವೂ ಅಡ್ಡ ಬರುವುದಿಲ್ಲ. ಫೆಬ್ರವರಿ ಮಧ್ಯದಲ್ಲಾದರೆ ರಾತ್ರಿ 11ರ ಸುಮಾರಿಗೆ, ಮಾರ್ಚ್ ಮೂರನೇ ವಾರ 9ಕ್ಕೆಲ್ಲ ಮೇಲೆ ಬಂದಿರುತ್ತದೆ.

ಮಿಥುನದ ಪೊಲಕ್ಸ್ ನಕ್ಷತ್ರದಿಂದ ಸಿಂಹದ ಮಖೆ ನಕ್ಷತ್ರಕ್ಕೆ ಮನಸ್ಸಲ್ಲೇ ಒಂದು ಗೆರೆ ಎಳೆಯಿರಿ. ಅರ್ಧ ದಾರಿಗೆ ಸ್ವಲ್ಪ ಮೊದಲೇ ಹಿಂಜಿದ ಹತ್ತಿಯ ಹಾಗೆ ಒಂದು ಮಬ್ಬು ಕಾಣುತ್ತದೆ. ನಕ್ಷತ್ರದ ಹೊಳಪು ಅಳೆಯುವ ಕಾಂತಿಮಾನದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು. ಗುಚ್ಛದ ಅತಿ ಪ್ರಕಾಶದ ನಕ್ಷತ್ರದ ಕಾಂತಿಮಾನವೇ 6.3. ಬರಿಗಣ್ಣಿನ ಮಿತಿ ಸುಮಾರು 6. ಹಾಗಾಗಿ ಬಿಡಿಬಿಡಿಯಾಗಿ ಯಾವುದೂ ಕಾಣುವುದಿಲ್ಲ, ಎಲ್ಲದರ ಬೆಳಕು ಸೇರಿದಾಗ ಮಾತ್ರ ಕಣ್ಣಿಗೆ ತಾಗುತ್ತದೆ. ಹಳೇ ಕಾಲದವರು ಇದನ್ನು ಮೋಡದಂಥದ್ದು ಅಂತಲೇ ಬರೆದಿಟ್ಟರು. ಗೆಲಿಲಿಯೋ ದೂರದರ್ಶಕ ತಿರುಗಿಸಿ ನೋಡಿ, ಅಲ್ಲಿ 40ರ ಆಸುಪಾಸು ನಕ್ಷತ್ರಗಳಿವೆ ಅಂತ 1610ರಲ್ಲಿ ಪ್ರಕಟಿಸಿದ.

ದೊಡ್ಡ ದೂರದರ್ಶಕ ಇಲ್ಲವಲ್ಲ ಅಂತ ಕೊರಗಬೇಡಿ, ಇದಕ್ಕೆ ಅದು ಬೇಡವೇ ಬೇಡ. ಗುಚ್ಛದ ಅಗಲ ಸುಮಾರು ಒಂದೂವರೆ ಡಿಗ್ರಿ, ಅಂದರೆ ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಜಾಸ್ತಿ ಹಿಗ್ಗಿಸಿದರೆ ನಾಲ್ಕಾರು ಚುಕ್ಕೆ ಉಳಿದು ಗುಂಪೇ ಮಾಯವಾಗುತ್ತದೆ. 10×50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಲೆನ್ಸಿನದು) ಸಾಕು. ಅಂಗಳದಲ್ಲಿ ಚಾಪೆ ಹಾಸಿ ಮಲಗಿಬಿಡಿ, ಇಲ್ಲದಿದ್ದರೆ ಕತ್ತು ನೋವು ಗ್ಯಾರಂಟಿ. ಇಬ್ಬನಿ ಬಿದ್ದು ಲೆನ್ಸ್ ಮಂಜಾಗುತ್ತದೆ, ನೋಡದಿರುವಾಗ ಮುಚ್ಚಳ ಹಾಕಿಡಿ. ಕಣ್ಣು ಹೊಂದಿಕೊಂಡ ಮೇಲೆ ಬಿಳಿ ಚುಕ್ಕೆಗಳ ನಡುವೆ ನಾಲ್ಕೈದು ಹಳದಿ-ಕಿತ್ತಳೆ ಛಾಯೆಯವು ಸಿಗುತ್ತವೆ, ಸುಮ್ನೆ ಬಿಡಬೇಡಿ, ಹುಡುಕಿ. ಗುಚ್ಛದ ಸುಮಾರು ಸಾವಿರ ನಕ್ಷತ್ರಗಳೂ ಒಂದೇ ಮೋಡದಿಂದ, 60-70 ಕೋಟಿ ವರ್ಷಗಳ ಹಿಂದೆ ಹುಟ್ಟಿದವು. ಅವುಗಳಲ್ಲಿ ತೂಕ ಜಾಸ್ತಿ ಇದ್ದವು ಬೇಗ ಇಂಧನ ಉರಿಸಿ ಮುಗಿಸಿ, ಉಬ್ಬಿ, ತಣಿದು ಈ ಬಣ್ಣಕ್ಕೆ ತಿರುಗಿವೆ. ದೂರ ಸುಮಾರು 600 ಜ್ಯೋತಿರ್ವರ್ಷ. ನಾವು ನೋಡುವ ಬೆಳಕು ಅಲ್ಲಿಂದ ಹೊರಟಾಗ ಕೆಳದಿ ಸಂಸ್ಥಾನ ಇನ್ನೂ ಹುಟ್ಟಿರಲಿಲ್ಲ.

ಈ ಮಬ್ಬು ಕಾಣದಿದ್ದರೆ ಬಿರುಗಾಳಿ ಬರುತ್ತದೆ ಅಂತ ಗ್ರೀಕರು ನಂಬಿದ್ದರಂತೆ. ಅದರಲ್ಲಿ ಅರ್ಥ ಇಲ್ಲದಿಲ್ಲ, ತೆಳು ಮೋಡ ಬಂದರೆ ಮೊದಲು ಅಳಿಸಿಹೋಗುವುದು ಇಂಥ ಮಸುಕು ಬೆಳಕೇ ಅಲ್ವಾ. ನಮ್ಮ ಪುಷ್ಯ ಮಳೆಗೂ ಇದಕ್ಕೂ ನಂಟಿದೆ. ಪುಷ್ಯ ನಕ್ಷತ್ರ ಅಂತ ಗುರುತಿಸುವ ತಾರೆಗಳ ನಡುವೆಯೇ ಈ ಗುಚ್ಛ ಇದೆ, ಜುಲೈ ಕೊನೆಯಲ್ಲಿ ಸೂರ್ಯ ಬರುವುದೂ ಅಲ್ಲಿಗೇ. ಹಾಗಾಗಿ ಆ ಮಳೆ ಹಿಡಿದ ದಿನಗಳಲ್ಲಿ ಆಗುಂಬೆಯ ಮೋಡ ಪೂರ್ತಿ ಸರಿದರೂ ಗುಚ್ಛ ಕಾಣುವುದಿಲ್ಲ, ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಿರುತ್ತದೆ.